ಜಪಾನಿನ ಹಳ್ಳಿದಾರಿ, ತಂಗುಮನೆ ಮತ್ತು ಒಬ್ಬ ದುಭಾಷಿ

(ವಾಚನಾಲಯದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ಈ ತಿಂಗಳ ಮಾತು ನನ್ನ ಪಾಲಿಗೆ ಬಂದಿದೆ. ನಾನು ವಿದ್ವಾಂಸನಲ್ಲ. ಮೆಟ್ರಿಕ್ ಮುಗಿಸಿ ಗಿರಣಿಯಲ್ಲಿ ಹಾಜರಿ ಪುಸ್ತಕ ಮತ್ತು ಪಗಾರದ ಪಟ್ಟಿ ಬರೆಯುವವನು. ಭಾನುವಾರ ಇಲ್ಲಿಗೆ ಬಂದು ಪುಸ್ತಕಗಳಿಗೆ ರಟ್ಟು ಹಾಕುವುದು, ನಂಬರು ಬರೆಯುವುದು ನನ್ನ ಸೇವೆ. ಹಾಗೆ ನಂಬರು ಬರೆಯುತ್ತಿದ್ದಾಗ ಯಾರೋ ಪುಣ್ಯಾತ್ಮರು ದಾನ ಕೊಟ್ಟ ರಾಶಿಯಲ್ಲಿ ಒಂದು ಇಂಗ್ಲಿಷ್ ಪುಸ್ತಕ ಕೈಗೆ ಸಿಕ್ಕಿತು. ಪಕ್ಕದಲ್ಲಿ ನಿಘಂಟು ಇಟ್ಟುಕೊಂಡು ಮೂರು ತಿಂಗಳು ಓದಿದೆ. ಆ ಪುಸ್ತಕದ ಹೆಸರು ‘ಅನ್‌ಬೀಟನ್ ಟ್ರ್ಯಾಕ್ಸ್ ಇನ್ ಜಪಾನ್’. ಜಪಾನಿನಲ್ಲಿ ಹೆಚ್ಚು ಜನ ತುಳಿಯದ ಹಾದಿಗಳು ಎಂದು ಅರ್ಥ ಮಾಡಬಹುದು. ಬರೆದವಳು ಇಸಾಬೆಲ್ಲಾ ಬರ್ಡ್ ಎಂಬ ಇಂಗ್ಲಿಷ್ ಹೆಂಗಸು. ಪ್ರವಾಸ ನಡೆದದ್ದು 1878ರಲ್ಲಿ. ಪುಸ್ತಕ ಅಚ್ಚಾದದ್ದು 1880ರಲ್ಲಿ.

ಮೊದಲೇ ಹೇಳಿಬಿಡುತ್ತೇನೆ, ನಾನು ಜಪಾನನ್ನು ಕಂಡವನಲ್ಲ. ನಮ್ಮ ವಿಶ್ವೇಶ್ವರಯ್ಯನವರು ಮುಂಬಯಿ ಸರ್ಕಾರದ ಇಂಜಿನಿಯರಾಗಿದ್ದಾಗಲೇ 1898ರಲ್ಲಿ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ವಿದ್ಯಾಭ್ಯಾಸಗಳನ್ನು ಕಣ್ಣಾರೆ ಕಂಡು ಬಂದರು. ಅಂಥ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ನನ್ನ ಪ್ರವಾಸವೆಲ್ಲ ಈ ಬೆಂಚಿನ ಮೇಲೆ ಕುಳಿತೇ ಆದದ್ದು. ಆದರೂ ಈ ಕಥೆಯನ್ನು ನಿಮ್ಮೆದುರು ಹೇಳಬೇಕೆನ್ನಿಸಿದ್ದಕ್ಕೆ ಕಾರಣವಿದೆ. ಹೊಸ ಊರಿಗೆ ಬಂದವನು ಮೊದಲ ರಾತ್ರಿ ಎಲ್ಲಿ ಮಲಗುತ್ತಾನೆ, ಯಾರನ್ನು ನಂಬುತ್ತಾನೆ ಎಂಬುದೇ ಈ ಪುಸ್ತಕದ ತಿರುಳು. ಆ ಪ್ರಶ್ನೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ಒಂದು ದಿನ ಎದುರಾಗಿದೆ.

ಆ ಕಾಲದ ಜಪಾನ್ ಹೇಗಿತ್ತು ಎಂಬುದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಶೋಗನ್ ಮನೆತನದ ಆಳ್ವಿಕೆ ಮುಗಿದು, 1868ರಲ್ಲಿ ಚಕ್ರವರ್ತಿಯ ಹೆಸರಿನಲ್ಲಿ ಹೊಸ ಸರ್ಕಾರ ಬಂದು ಹತ್ತೇ ವರ್ಷವಾಗಿತ್ತು. 1872ರಲ್ಲಿ ಯೊಕೊಹಾಮಾದಿಂದ ಟೋಕಿಯೋಗೆ ಮೊದಲ ರೈಲು ಓಡಿತ್ತು. ಆದರೆ ಒಳನಾಡಿಗೆ ರೈಲಿರಲಿಲ್ಲ, ಒಳ್ಳೆಯ ರಸ್ತೆಯೂ ಅಪರೂಪ. ಪರದೇಶದವರು ಕೆಲವು ಬಂದರು ಪಟ್ಟಣಗಳಲ್ಲಿ ಮಾತ್ರ ಇರಬಹುದಾಗಿತ್ತು. ಅದರಾಚೆ ಹೋಗಬೇಕಾದರೆ ಸರ್ಕಾರದ ರಹದಾರಿ ಬೇಕು. ಬ್ರಿಟಿಷ್ ರಾಯಭಾರಿ ಸರ್ ಹ್ಯಾರಿ ಪಾರ್ಕ್ಸ್ ಈಕೆಗೆ ಉತ್ತರ ಜಪಾನಿನಲ್ಲಿ ಎಲ್ಲಿ ಬೇಕಾದರೂ ಹೋಗಬಹುದಾದ ರಹದಾರಿ ಕೊಡಿಸಿದ. ಅದರ ಷರತ್ತುಗಳು ಸ್ವಾರಸ್ಯವಾಗಿವೆ. ಕಾಡಿನಲ್ಲಿ ಬೆಂಕಿ ಹಚ್ಚಕೂಡದು. ಬೆಂಕಿ ಬಿದ್ದ ಕಡೆಗೆ ಕುದುರೆ ಹತ್ತಿ ನೋಡಲು ಹೋಗಕೂಡದು. ದೇವಸ್ಥಾನಗಳ ಗೋಡೆಗಳ ಮೇಲೆ ಗೀಚಕೂಡದು. ಇಕ್ಕಟ್ಟು ದಾರಿಯಲ್ಲಿ ಗಾಡಿಯನ್ನು ವೇಗವಾಗಿ ಓಡಿಸಕೂಡದು. ಇಷ್ಟನ್ನು ಬರೆದು ಕೊಡಬೇಕಾಯಿತೆಂದರೆ, ಹಿಂದೆ ಬಂದ ಪರದೇಶಿಗಳು ಏನೇನು ಮಾಡಿದ್ದರು ಎಂಬುದನ್ನು ನೀವೇ ಊಹಿಸಿಕೊಳ್ಳಿ!

ಇಸಾಬೆಲ್ಲಾಗೆ ಆಗ 46 ವರ್ಷ. ಬೆನ್ನುಮೂಳೆಯ ನೋವು ಚಿಕ್ಕಂದಿನಿಂದಲೂ ಇತ್ತು. ಹವೆ ಬದಲಾದರೆ ಒಳ್ಳೆಯದೆಂದು ವೈದ್ಯರು ಹೇಳಿದ್ದರಿಂದ ಹೊರಟವಳು. ಜಪಾನೀ ಭಾಷೆಯ ಒಂದು ಅಕ್ಷರವೂ ಬಾರದು. ಹೀಗಾಗಿ ದುಭಾಷಿ ಬೇಕಾಯಿತು. ಯೊಕೊಹಾಮಾದಲ್ಲಿ ಡಾಕ್ಟರ್ ಹೆಪ್‌ಬರ್ನ್ ಎಂಬ ಅಮೆರಿಕನ್ ವೈದ್ಯನಿದ್ದ. 1867ರಲ್ಲಿ ಜಪಾನೀ–ಇಂಗ್ಲಿಷ್ ನಿಘಂಟು ಹೊರಡಿಸಿದವನು ಈತನೇ. ಅವನ ಮನೆಯಲ್ಲಿ ಉಮೇದುವಾರರನ್ನು ನೋಡಿದಳು. ಒಬ್ಬನ ಇಂಗ್ಲಿಷ್ ತಿಳಿಯಲೇ ಇಲ್ಲ. ಇನ್ನೊಬ್ಬನದು ಬರೀ ಷೋಕಿ. ಕಡೆಗೆ ಯಾರ ಶಿಫಾರಸೂ ಇಲ್ಲದೆ ಒಬ್ಬ ಹುಡುಗ ಬಂದ. ಎತ್ತರ ನಾಲ್ಕು ಅಡಿ ಹತ್ತು ಅಂಗುಲ. ವಯಸ್ಸು ಹದಿನೆಂಟು ಎಂದ. ನಿಜದಲ್ಲಿ ಇಪ್ಪತ್ತಾಗಿತ್ತೆಂದು ಮುಂದೆ ಶೋಧಿಸಿದವರು ಹೇಳಿದ್ದಾರೆ. ಹೆಸರು ಇತೊ, ಪೂರ್ತಿ ಹೆಸರು ಇತೊ ತ್ಸುರುಕಿಚಿ. ಅಡುಗೆ ಬರುತ್ತದೆ, ಇಂಗ್ಲಿಷ್ ಬರೆಯಬಲ್ಲೆ, ದಿನಕ್ಕೆ ಇಪ್ಪತ್ತೈದು ಮೈಲಿ ನಡೆಯಬಲ್ಲೆ ಎಂದ. ಸರ್ಟಿಫಿಕೇಟುಗಳು ಎಲ್ಲಿ ಎಂದು ಕೇಳಿದರೆ, ತಂದೆಯ ಮನೆಗೆ ಬೆಂಕಿ ಬಿದ್ದು ಸುಟ್ಟುಹೋದವು ಎಂದ!

ನೀವು ನಗುತ್ತಿದ್ದೀರಿ. ನಾನೂ ನಕ್ಕೆ. ನೌಕರಿಗಾಗಿ ಬಂದವರು ಹೇಳುವ ಇಂಥ ಮಾತುಗಳನ್ನು ನಾನು ಕಚೇರಿಯ ಕಿಟಕಿಯ ಈಚೆಯಿಂದ ಎಷ್ಟೋ ಸಲ ಕೇಳಿದ್ದೇನೆ. ಆಕೆಗೆ ಹುಡುಗನ ಮುಖ ಹಿಡಿಸಲಿಲ್ಲ. ಆದರೆ ಅವನ ಮಾತು ಇವಳಿಗೆ ತಿಳಿಯುತ್ತಿತ್ತು, ಇವಳ ಮಾತು ಅವನಿಗೆ ತಿಳಿಯುತ್ತಿತ್ತು. ತಿಂಗಳಿಗೆ ಹನ್ನೆರಡು ಡಾಲರಿಗೆ ಗೊತ್ತುಮಾಡಿಕೊಂಡಳು. ಒಂದು ತಿಂಗಳ ಸಂಬಳ ಮುಂಗಡ ಬೇಕೆಂದ, ಕೊಟ್ಟಳು. ಇನ್ನು ಅವನ ಮುಖವನ್ನು ನೀನು ನೋಡುವುದಿಲ್ಲ ಎಂದು ಡಾಕ್ಟರು ‘ಸಮಾಧಾನ’ ಹೇಳಿದ. ಹುಡುಗ ಮಾತ್ರ ಹೇಳಿದ ಹೊತ್ತಿಗೆ ಸರಿಯಾಗಿ ಬಂದು ನಿಂತ.

ಸಾಮಾನಿನ ಲೆಕ್ಕ ಕೇಳಿ. ಬೆತ್ತದ ಎರಡು ಪೆಟ್ಟಿಗೆ, ಮಡಚುವ ಕುರ್ಚಿ, ಮಡಚುವ ಕ್ಯಾನ್‌ವಾಸ್ ಮಂಚ, ಹೊದಿಕೆ, ಎಲ್ಲ ಸೇರಿ 110 ಪೌಂಡು. ಇತೊನ ತೂಕ 90 ಪೌಂಡು. ಎರಡೂ ಕೂಡಿದರೆ ಒಂದು ಜಪಾನೀ ಕುದುರೆ ಹೊರುವಷ್ಟು ಎಂದು ಆಕೆ ಬರೆದಿದ್ದಾಳೆ. ಮನುಷ್ಯನನ್ನೂ ಸಾಮಾನಿನ ಪಟ್ಟಿಯಲ್ಲಿ ಸೇರಿಸಿದ್ದು ನೋಡಿ ನನಗೆ ಸ್ವಲ್ಪ ಕಸಿವಿಸಿಯಾಯಿತು. ಆದರೆ ಆ ಸಾಮಾನೇ ಇಲ್ಲದಿದ್ದರೆ ಮಿಕ್ಕ ಸಾಮಾನು ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ.

1878ರ ಜೂನ್ 10ರಂದು ಟೋಕಿಯೋ ಬಿಟ್ಟರು. ಮೂರು ಕೈಗಾಡಿಗಳು. ನಾವು ರಿಕ್ಷಾ ಎನ್ನುವುದನ್ನು ಅಲ್ಲಿ ಕುರುಮಾ ಎನ್ನುತ್ತಿದ್ದರು. ನಿಕ್ಕೊ ಎಂಬ ಊರಿಗೆ 90 ಮೈಲಿ. ಆಳು ಬದಲಿಸದೆ, ಎಳೆಯುವವರು ಮೂರೇ ದಿನಗಳಲ್ಲಿ ಓಡಿ ಮುಟ್ಟಿಸಬೇಕು. ಒಬ್ಬೊಬ್ಬನಿಗೆ ಹನ್ನೊಂದು ಷಿಲಿಂಗು ಕೂಲಿ. ಎರಡನೆಯ ದಿನ ಅವರಲ್ಲಿ ಒಬ್ಬನಿಗೆ ಹೊಟ್ಟೆನೋವು, ವಾಂತಿ ಹಿಡಿಯಿತು. ಹಿಂದಿನ ರಾತ್ರಿ ತಂಗಿದ್ದ ಊರಿನ ಕೆಟ್ಟ ನೀರು ಕುಡಿದದ್ದೇ ಕಾರಣ ಎಂದ. ಅವನನ್ನು ದಾರಿಯಲ್ಲೇ ಬಿಟ್ಟು ಹೋಗಬೇಕಾಯಿತು. ಅವನು ಆ ಸ್ಥಿತಿಯಲ್ಲೂ ತನ್ನ ಬದಲಿಯನ್ನು ತಾನೇ ಗೊತ್ತುಮಾಡಿ ಕೊಟ್ಟ. ಮಾತಿಗೆ ತಪ್ಪಲಿಲ್ಲ. ಕಾಯಿಲೆಯ ಹೆಸರಿನಲ್ಲಿ ಒಂದು ಕಾಸು ಇನಾಮೂ ಕೇಳಲಿಲ್ಲ. ಬದಲಿ ಎಂಬ ಮಾತು ಗಿರಣಿಯ ಜನಕ್ಕೆ ಹೊಸದಲ್ಲ. ನನ್ನ ಹಾಜರಿ ಪುಸ್ತಕದಲ್ಲಿ ಆ ಕಲಮಿನ ಕೆಳಗೆ ಹೆಸರು ಬರೆಯುವಾಗ ಈಗೀಗ ಆ ಗಾಡಿಯವನ ನೆನಪಾಗುತ್ತದೆ. ಅವನ ಹೆಸರನ್ನು ಆಕೆ ಬರೆದಿಟ್ಟಿಲ್ಲ.

ಇನ್ನು ತಂಗುಮನೆಯ ವಿಷಯಕ್ಕೆ ಬರುತ್ತೇನೆ. ಜಪಾನೀಯರು ಅದಕ್ಕೆ ‘ಯಾದೊಯಾ’ ಎನ್ನುತ್ತಿದ್ದರು. ಈಗ ‘ರ್‍ಯೊಕಾನ್’ ಎಂಬ ಹೆಸರು ಹೆಚ್ಚು ಬಳಕೆಯಲ್ಲಿದೆ. ನಮ್ಮ ಛತ್ರವೂ ಅಲ್ಲ, ಖಾನಾವಳಿಯೂ ಅಲ್ಲ. ಎರಡೂ ಸೇರಿದ ಹಾಗೆ. ಕೂಲಿ ಕೊಟ್ಟರೆ ಮಲಗಲು ಜಾಗ, ರಾತ್ರಿ ಊಟ, ಬೆಳಗಿನ ಊಟ, ಚಹ. ಬಾಗಿಲಲ್ಲೇ ಪಾದರಕ್ಷೆ ಬಿಡಬೇಕು. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೆಲ ಸ್ವಲ್ಪ ಎತ್ತರ. ಅದರ ಮೇಲೆ ‘ತತಾಮಿ’ ಎಂಬ ದಪ್ಪ ಚಾಪೆಗಳು. ಒಂದೊಂದು ಸುಮಾರು ಆರಡಿ ಉದ್ದ, ಮೂರಡಿ ಅಗಲ. ಕೋಣೆಯ ಅಳತೆಯನ್ನು ಅಡಿಗಳಲ್ಲಿ ಹೇಳುವುದಿಲ್ಲ. ಆರು ಚಾಪೆಯ ಕೋಣೆ, ಎಂಟು ಚಾಪೆಯ ಕೋಣೆ ಎನ್ನುತ್ತಾರೆ. ಚಾಳಿನ ಒಂದು ಕೋಣೆಯಲ್ಲಿ ಎಷ್ಟು ಹಾಸಿಗೆ ಹಿಡಿಸುತ್ತದೆ ಎಂದು ನಾವು ಎಣಿಸುವುದಿಲ್ಲವೇ, ಹಾಗೆ.

ಕೋಣೆಯಲ್ಲಿ ಕುರ್ಚಿಯಿಲ್ಲ, ಮೇಜಿಲ್ಲ, ಮಂಚವಿಲ್ಲ. ರಾತ್ರಿ ಹಾಸಿಗೆ ತಂದು ಹಾಸುತ್ತಾರೆ, ಬೆಳಗ್ಗೆ ಸುತ್ತಿ ಗೂಡಿಗೆ ಸೇರಿಸುತ್ತಾರೆ. ಅದೇ ಕೋಣೆ ಹಗಲು ಊಟದ ಮನೆ, ರಾತ್ರಿ ಮಲಗುವ ಮನೆ. ಗೋಡೆಗಳೆಂದರೆ ಸರಿಸುವ ಚೌಕಟ್ಟುಗಳು. ಕೆಲವಕ್ಕೆ ಬೆಳಕು ಬರುವಂಥ ತೆಳು ಕಾಗದ, ಕೆಲವಕ್ಕೆ ದಪ್ಪ ಕಾಗದ. ಬೇಕೆಂದರೆ ನಾಲ್ಕು ಕೋಣೆ ಒಂದಾಗುತ್ತದೆ, ಬೇಡವೆಂದರೆ ಒಂದು ನಾಲ್ಕಾಗುತ್ತದೆ. ಸ್ನಾನಕ್ಕೆ ಮರದ ತೊಟ್ಟಿಯಲ್ಲಿ ಬಿಸಿನೀರು. ಮೈಯನ್ನು ಹೊರಗೇ ಚೆನ್ನಾಗಿ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಇಳಿಯಬೇಕು, ಏಕೆಂದರೆ ಅದೇ ನೀರಿಗೆ ಮುಂದಿನವನೂ ಇಳಿಯುತ್ತಾನೆ. ನಮ್ಮ ಬಳಿಕ ಬರುವವನಿಗೆ ನೀರು ಶುದ್ಧವಾಗಿರಲಿ ಎಂಬ ಈ ಕ್ರಮ ಜಪಾನಿನ ತಂಗುಮನೆಗಳಲ್ಲಿ ಇಂದಿಗೂ ಇದೆ. ನಮ್ಮ ಚಾಳಿನ ಮೋರಿಯ ಬಳಿ ಇದನ್ನೊಂದು ಹಲಗೆಯ ಮೇಲೆ ಬರೆದು ತೂಗುಹಾಕಿದರೆ ತಪ್ಪಾಗಲಾರದು.

ಇಷ್ಟು ಕೇಳಿದರೆ ಬಲು ಸುಖವೆನ್ನಿಸುತ್ತದೆ. ಆದರೆ ಇಸಾಬೆಲ್ಲಾಳ ಮೊದಲ ರಾತ್ರಿ ಹಾಗಿರಲಿಲ್ಲ. ಊರು ಕಸುಕಾಬೆ. ಮನೆ ತುಂಬ ಜನ. ಚಿಗಟ ಮತ್ತು ಸೊಳ್ಳೆಗಳ ಕಾಟ. ಕಾಗದದ ಗೋಡೆಯಲ್ಲಿ ತೂತುಗಳು. ಒಂದೊಂದು ತೂತಿನಲ್ಲೂ ಒಂದೊಂದು ಕಣ್ಣು! ಅವರು ಪರದೇಶದ ಹೆಂಗಸನ್ನು ಕಂಡವರಲ್ಲ, ನೋಡುತ್ತಿದ್ದರು. ಪಕ್ಕದ ಕೋಣೆಯಲ್ಲಿ ಯಾರೋ ತಂತಿವಾದ್ಯ ಬಾರಿಸುತ್ತಿದ್ದರು. ಬಾಗಿಲಿಗೆ ಚಿಲಕವಿಲ್ಲ. ಕೈಯಲ್ಲಿ ಹಣವಿದೆ, ಬಾಯಲ್ಲಿ ಭಾಷೆಯಿಲ್ಲ. ಯಾವ ಗಳಿಗೆಯಲ್ಲಿ ಯಾರು ನುಗ್ಗುವರೋ ಎಂಬ ಹೆದರಿಕೆಯಲ್ಲೇ ಆ ರಾತ್ರಿ ಕಳೆಯಿತು. ಮುಂದೆ ಪುಸ್ತಕ ಅಚ್ಚಿಗೆ ಕೊಡುವಾಗ, ಅಂದಿನ ತನ್ನ ಭಯಕ್ಕೆ ಆಧಾರವಿರಲಿಲ್ಲವೆಂದೂ, ಒಳನಾಡಿನಲ್ಲಿ 1200 ಮೈಲಿ ತಿರುಗಿದರೂ ತನಗೆ ಯಾವ ಅಪಾಯವೂ ಆಗಲಿಲ್ಲವೆಂದೂ ಆಕೆಯೇ ಟಿಪ್ಪಣಿ ಸೇರಿಸಿದಳು. ಭಯಪಟ್ಟದ್ದನ್ನೂ ಮುಚ್ಚಿಡಲಿಲ್ಲ, ಭಯ ಸುಳ್ಳಾದದ್ದನ್ನೂ ಮುಚ್ಚಿಡಲಿಲ್ಲ. ಈ ಗುಣ ನನಗೆ ಹಿಡಿಸಿತು.

ನಿಕ್ಕೊಗೆ ಹೋಗುವ ದಾರಿಯ ಇಬ್ಬದಿಗೂ ಮೈಲುಗಟ್ಟಲೆ ಎತ್ತರದ ಸುಗಿ ಮರಗಳ ಸಾಲು. ಆ ಊರಿನಲ್ಲಿ ತೊಕುಗಾವಾ ಮನೆತನದ ಮೊದಲ ಶೋಗನ್ ಇಯೆಯಾಸುವಿನ ಗುಡಿಯಿದೆ. ಸೇವೆಯೆಂದು ಒಬ್ಬ ಸರದಾರ ಇಪ್ಪತ್ತು ವರ್ಷಗಳ ಕಾಲ ಸಸಿ ನೆಡಿಸಿದ. 1648ರ ಹೊತ್ತಿಗೆ ಆ ಕೆಲಸ ಮುಗಿಯಿತಂತೆ. ನೆಡಿಸಿದವನ ತಲೆಮಾರು ಹೋಗಿ ಎಷ್ಟೋ ತಲೆಮಾರುಗಳಾದರೂ ನೆರಳು ನಿಂತಿದೆ.

ನಿಕ್ಕೊದಲ್ಲಿ ಆಕೆ ಇಳಿದುಕೊಂಡದ್ದು ಕನಾಯಾ ಎಂಬುವನ ಮನೆಯಲ್ಲಿ. ಆತ ಗುಡಿಯಲ್ಲಿ ವಾದ್ಯ ನುಡಿಸುವ ಮನೆತನದವನು. ಹೊಸ ಸರ್ಕಾರ ಬಂದ ಮೇಲೆ ಅಂಥವರ ಸಂಪಾದನೆ ಇಳಿದಿತ್ತು. ಅದೇ ಡಾಕ್ಟರ್ ಹೆಪ್‌ಬರ್ನ್ ಸಲಹೆಯಂತೆ 1873ರಿಂದ ತನ್ನ ಮನೆಯ ಕೋಣೆಗಳನ್ನು ಪರದೇಶದ ಪ್ರವಾಸಿಗಳಿಗೆ ಬಾಡಿಗೆಗೆ ಕೊಡತೊಡಗಿದ್ದ. ಇಸಾಬೆಲ್ಲಾಳ ಕೋಣೆ ಮಹಡಿಯ ಮೇಲೆ. ಬಿಳಿಯ ರೇಷ್ಮೆಯ ಮೇಲೆ ಹೂಬಿಟ್ಟ ಚೆರ್ರಿ ಕೊಂಬೆಯ ಒಂದೇ ಒಂದು ಚಿತ್ರ, ಹೂದಾನಿಯಲ್ಲಿ ಹೂವು, ಮತ್ತೇನೂ ಇಲ್ಲ. ಚಾಪೆ ಎಷ್ಟು ನಯ, ಎಷ್ಟು ಬಿಳುಪು ಎಂದರೆ, ಕಾಲುಚೀಲದಲ್ಲಿ ನಡೆಯಲೂ ಆಕೆಗೆ ಅಳುಕು. ಶಾಯಿ ಚೆಲ್ಲೀತು, ಚಾಪೆ ತಗ್ಗಾದೀತು, ಕಾಗದದ ಕಿಟಕಿ ಹರಿದೀತು ಎಂಬ ಭಯದಲ್ಲಿ, ಕೋಣೆ ಇಷ್ಟು ಚೆಂದವಾಗಿಲ್ಲದಿದ್ದರೇ ಚೆನ್ನಾಗಿತ್ತು ಎಂದುಕೊಂಡಳಂತೆ! ಕೊಳಕು ಮನೆಯಲ್ಲಿ ಚಿಗಟದ ಭಯ, ಚೊಕ್ಕಟ ಮನೆಯಲ್ಲಿ ತನ್ನ ಕೈಯ ಭಯ. ಒಳ್ಳೆಯವರ ಮನೆಯಲ್ಲಿ ಅತಿಥಿಯಾಗಿ ಇದ್ದವರಿಗೆ ಈ ಎರಡನೆಯ ಭಯ ಗೊತ್ತು. ಆ ಮನೆಯನ್ನು ಹಾಗೆಯೇ ಉಳಿಸಿಕೊಂಡು, 2015ರಿಂದ ಜನರಿಗೆ ನೋಡಲು ತೆರೆದಿದ್ದಾರೆ.

ನಿಕ್ಕೊ ದಾಟಿದ ಮೇಲೆ ನಿಜವಾದ ಹಳ್ಳಿಗಾಡು. ಬೆಟ್ಟದ ಊರುಗಳ ಬಡತನವನ್ನು ಆಕೆ ಬಣ್ಣ ಹಚ್ಚದೆ ಬರೆದಿದ್ದಾಳೆ. ಹೊಗೆ ತುಂಬಿದ ಮನೆಗಳು, ಚರ್ಮರೋಗದ ಮಕ್ಕಳು, ತೊಳೆಯದ ಬಟ್ಟೆ. ಒಂದೂರಿನಲ್ಲಿ ಮನೆಯ ಯಜಮಾನನ ಚಿಕ್ಕ ಹುಡುಗನಿಗೆ ಕೆಟ್ಟ ಕೆಮ್ಮು. ತನ್ನಲ್ಲಿದ್ದ ಔಷಧಿಯ ನಾಲ್ಕು ಹನಿ ಕೊಟ್ಟಳು, ಕೆಮ್ಮು ತಗ್ಗಿತು. ಬೆಳಗಿನ ಜಾವ ಐದು ಗಂಟೆಗೆ ಎದ್ದು ನೋಡುತ್ತಾಳೆ, ಊರಿಗೆ ಊರೇ ತಮ್ಮ ರೋಗಿಗಳೊಡನೆ ಬಾಗಿಲಲ್ಲಿ ನೆರೆದಿದೆ! ಎಲ್ಲರಿಗೂ ಕೊಡುವಷ್ಟು ಔಷಧಿ ಆಕೆಯಲ್ಲಿರಲಿಲ್ಲ. ಬಟ್ಟೆ ಒಗೆದು ಮೈ ತೊಳೆದುಕೊಂಡರೆ ಎಷ್ಟೋ ಗುಣವಾಗುತ್ತದೆ ಎಂಬ ಮಾತನ್ನು ಇತೊನ ಬಾಯಿಂದ ಹೇಳಿಸಿದಳು. ಡಾಕ್ಟರಿಲ್ಲದ ಹಳ್ಳಿಯಿಂದ ಬಂದವರಿಗೆ ಆ ಬಾಗಿಲ ಮುಂದಿನ ದೃಶ್ಯ ಕಣ್ಣಿಗೆ ಕಟ್ಟುತ್ತದೆ.

ಅದೇ ಬಡ ಊರುಗಳಲ್ಲಿ ಕಂಡ ಪ್ರಾಮಾಣಿಕತೆಯನ್ನೂ ಆಕೆ ಬರೆದಿದ್ದಾಳೆ. ಒಂದು ಸಂಜೆ ತಂಗುಮನೆ ಸೇರಿ ನೋಡಿದರೆ ಸಾಮಾನು ಬಿಗಿದ ಒಂದು ಪಟ್ಟಿ ಕಾಣೆ. ಕುದುರೆಯವನು ಕತ್ತಲಾಗಿದ್ದರೂ ಎರಡು ಮೈಲಿಗೂ ಹೆಚ್ಚು ಹಿಂದಕ್ಕೆ ನಡೆದು ಅದನ್ನು ಹುಡುಕಿ ತಂದ. ಇನಾಮು ಕೊಡಹೋದರೆ ಬೇಡವೆಂದ. ಹೊರಟಲ್ಲಿ ಒಪ್ಪಿಕೊಂಡದ್ದನ್ನೆಲ್ಲ ಮುಟ್ಟಿದಲ್ಲಿ ಸರಿಯಾಗಿ ಒಪ್ಪಿಸುವುದು ತನ್ನ ಹೊಣೆ, ಅದಕ್ಕೆ ಬೇರೆ ಹಣವೇಕೆ ಎಂದ.

ಇದಕ್ಕೆ ವ್ಯವಸ್ಥೆಯ ಬೆಂಬಲವೂ ಇತ್ತೆಂದು ಗುಮಾಸ್ತನಾದ ನಾನು ಸೇರಿಸಬೇಕು. ಭೂಸಾಗಣೆಯ ಒಂದು ಕಂಪನಿ ದಾರಿಯುದ್ದಕ್ಕೂ ಊರೂರಿನಲ್ಲಿ ಶಾಖೆ ಇಟ್ಟಿತ್ತು. ರೈತರಿಂದ ಕುದುರೆ, ಆಳುಗಳನ್ನು ಗೊತ್ತುಮಾಡಿ, ನಿಗದಿಯಾದ ದರಕ್ಕೆ ಪ್ರವಾಸಿಗೆ ಒದಗಿಸಿ, ರಸೀದಿ ಕೊಡುತ್ತಿತ್ತು. ಸ್ವಲ್ಪ ಲಾಭ ಇಟ್ಟುಕೊಳ್ಳುತ್ತಿತ್ತು, ಆದರೆ ಸುಲಿಗೆಗೆ ಎಡೆ ಕೊಡುತ್ತಿರಲಿಲ್ಲ. ದರ ಬರೆದಿದ್ದರೆ, ರಸೀದಿ ಇದ್ದರೆ, ಭಾಷೆ ಬಾರದವನೂ ಅರ್ಧ ಗೆದ್ದಂತೆ.

ಇನ್ನೊಂದು ಊರಿನ ಕಥೆ ಹೇಳಿ ಮುಂದುವರಿಯುತ್ತೇನೆ. ಊರು ತೆನೋಕೊ. ಬೇಸಗೆಯ ಸುಡು ಮಧ್ಯಾಹ್ನ. ದಣಿದು ಕುಳಿತವಳನ್ನು ಕಂಡು ಆ ಮನೆಯ ಹೆಂಗಸರು ಬೀಸಣಿಗೆ ತಂದು ಒಂದು ಗಂಟೆಯ ಕಾಲ ಗಾಳಿ ಬೀಸಿದರು. ಎಷ್ಟು ಕೊಡಲಿ ಎಂದರೆ ಏನೂ ಬೇಡವೆಂದರು. ಪರದೇಶದವರನ್ನು ನಾವು ಹಿಂದೆ ಕಂಡಿಲ್ಲ, ನಿಮ್ಮ ಹೆಸರು ನಮ್ಮ ಪುಸ್ತಕದಲ್ಲಿದೆ, ಹಣ ಮುಟ್ಟಿದರೆ ನಮಗೆ ಅವಮಾನ ಎಂದರು. ಸಾಲದ್ದಕ್ಕೆ ಮಿಠಾಯಿಯ ಪೊಟ್ಟಣ ಕಟ್ಟಿಕೊಟ್ಟರು. ಮನೆಯ ಯಜಮಾನ ಒಂದು ಬೀಸಣಿಗೆಯ ಮೇಲೆ ತನ್ನ ಹೆಸರು ಬರೆದು ಕೈಯಲ್ಲಿಟ್ಟ.

ಹೀಗೆ ನಿಯಿಗಾಟಾ, ಯಮಗಾಟಾ, ಅಕಿಟಾ ಸೀಮೆಗಳನ್ನು ಹಾದು, ಮಳೆ ಮತ್ತು ಪ್ರವಾಹಗಳಲ್ಲಿ ತೊಯ್ದು, ಆಗಸ್ಟ್ ತಿಂಗಳಿನಲ್ಲಿ ಉತ್ತರದ ಹೊಕ್ಕೈಡೊ ದ್ವೀಪದ ಹಕೊಡಾಟೆ ಬಂದರನ್ನು ಸೇರಿದರು. ದಾರಿಯಲ್ಲಿ ತನಗೂ ಇತೊನಿಗೂ ಸೇರಿ ತಂಗುಮನೆಯ ಖರ್ಚು ದಿನಕ್ಕೆ ಮೂರು ಷಿಲಿಂಗಿಗಿಂತ ಕಡಿಮೆ ಎಂದು ಲೆಕ್ಕ ಕೊಟ್ಟಿದ್ದಾಳೆ.

ಈಗ ಆ ಹುಡುಗನ ಮಾತು. ಪ್ರತಿಯೊಂದು ತಂಗುಮನೆಯಲ್ಲೂ ಮೊದಲು ಒಳಗೆ ಹೋಗಿ ಕೋಣೆ ಕೇಳುವವನು ಇತೊ. ರಹದಾರಿ ತೋರಿಸಿ ನಕಲು ಮಾಡಿಸುವವನು ಇತೊ. ದರ ಕುದುರಿಸುವವನು, ಅನ್ನ ಬೇಯಿಸಿಸುವವನು, ಗುಂಪು ಚದುರಿಸುವವನು, ಊರಿನವರ ನೂರು ಪ್ರಶ್ನೆಗೆ ಉತ್ತರ ಹೇಳುವವನು ಎಲ್ಲ ಅವನೇ. ಅವನಲ್ಲಿ ಒಂದು ದೋಷವಿತ್ತು. ಪ್ರತಿ ವ್ಯವಹಾರದಲ್ಲೂ ತನ್ನ ದಸ್ತೂರಿ ಹಿಡಿದುಕೊಳ್ಳುತ್ತಿದ್ದ. ಇದು ಆಕೆಗೆ ಗೊತ್ತಿತ್ತು, ಬರೆದೂ ಇದ್ದಾಳೆ. ಜೊತೆಗೆ ಇದನ್ನೂ ಬರೆದಿದ್ದಾಳೆ: ಅವನು ಒಂದು ದಿನವೂ ತಡವಾಗಿ ಏಳಲಿಲ್ಲ, ಕುಡಿಯಲಿಲ್ಲ, ಸಂಜೆ ಮನೆ ಬಿಟ್ಟು ತಿರುಗಲಿಲ್ಲ, ಹೇಳಿದ್ದನ್ನು ಎರಡನೆಯ ಸಲ ಹೇಳಿಸಿಕೊಳ್ಳಲಿಲ್ಲ. ಅರ್ಥವಾಗದ ಇಂಗ್ಲಿಷ್ ಶಬ್ದಗಳನ್ನೆಲ್ಲ ಹಗಲು ಒಂದು ಪುಸ್ತಕದಲ್ಲಿ ಗುರುತು ಹಾಕಿಕೊಂಡು, ರಾತ್ರಿ ಆಕೆಯ ಬಳಿ ಅರ್ಥ, ಕಾಗುಣಿತ ಕೇಳಿ ಬರೆದುಕೊಳ್ಳುತ್ತಿದ್ದ. ಸಂಬಳದ ಬಹುಪಾಲನ್ನು ವಿಧವೆ ತಾಯಿಗೆ ಕಳಿಸುತ್ತಿದ್ದ. ಅದೇಕೆ ಎಂದರೆ, ನಮ್ಮ ದೇಶದ ಪದ್ಧತಿ ಎಂದಷ್ಟೇ ಉತ್ತರ. ಮಿಕ್ಕಿದ ಚಿಲ್ಲರೆ ಮಿಠಾಯಿಗೆ, ಹೊಗೆಸೊಪ್ಪಿಗೆ, ಮೈ ತಿಕ್ಕಿಸಿಕೊಳ್ಳುವುದಕ್ಕೆ.

ಬಂಧುಗಳೇ, ತಿಂಗಳ ಮೊದಲ ವಾರ ಮನಿಯಾರ್ಡರ್ ಫಾರಂ ತುಂಬಿದವರಿಗೆ, ಈಗ ಮೊಬೈಲಿನಲ್ಲಿ ಊರಿಗೆ ಹಣ ಕಳಿಸುವವರಿಗೆ, ಈ ಹುಡುಗ ಯಾರೆಂದು ಹೇಳಬೇಕೇ?

ಹಕೊಡಾಟೆಯಲ್ಲಿ ಇನ್ನೊಂದು ಗುಟ್ಟು ಹೊರಬಿತ್ತು. ಚಾರ್ಲ್ಸ್ ಮೇರೀಸ್ ಎಂಬ ಗಿಡಗಳನ್ನು ಸಂಗ್ರಹಿಸುವ ಇಂಗ್ಲಿಷಿನವನು ಅಲ್ಲಿದ್ದ. ಇತೊ ತಿಂಗಳಿಗೆ ಏಳು ಡಾಲರಿಗೆ ತನ್ನ ಬಳಿ ಕರಾರು ಮಾಡಿಕೊಂಡಿದ್ದನೆಂದೂ, ಈಕೆ ಹನ್ನೆರಡು ಕೊಡುತ್ತಾಳೆಂದು ಕೇಳಿ ಸುಳ್ಳು ಹೇಳಿ ಓಡಿಹೋದನೆಂದೂ ಆತ ದೂರಿದ! ಪ್ರವಾಸ ಮುಗಿದ ಮೇಲೆ ಹುಡುಗನನ್ನು ಹಿಂದಿರುಗಿಸುವುದೆಂದು ಒಪ್ಪಂದವಾಯಿತು. ಸುಟ್ಟುಹೋದ ಸರ್ಟಿಫಿಕೇಟುಗಳ ಕಥೆ ಈಗ ನಿಮಗೆ ತಿಳಿಯಿತು. ಅವನು ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಕರಾರು ಕರಾರೇ. ಆದರೆ ಐದು ಡಾಲರು ಹೆಚ್ಚಿಗೆ ಸಿಗುವ ಕಡೆಗೆ ಯಾರು ಓಡುವುದಿಲ್ಲ ಎಂದು ಕೈಯೆತ್ತಿ ಹೇಳಬಲ್ಲವರು ಈ ಸಭೆಯಲ್ಲಿ ಎಷ್ಟು ಮಂದಿ? (ಪ್ರಾಸಂಗಿಕವಾಗಿ ಹೇಳುತ್ತೇನೆ, ಆ ಮೇರೀಸ್ ಮುಂದೆ ನಮ್ಮ ದೇಶಕ್ಕೆ ಬಂದು ದರ್ಭಂಗಾ, ಗ್ವಾಲಿಯರ್ ಮಹಾರಾಜರ ತೋಟಗಳ ಮೇಲ್ವಿಚಾರಕನಾಗಿದ್ದು 1902ರಲ್ಲಿ ಗ್ವಾಲಿಯರಿನಲ್ಲೇ ತೀರಿಕೊಂಡ.)

ಹೊಕ್ಕೈಡೊದಲ್ಲಿ ಐನು ಎಂಬ ಮೂಲನಿವಾಸಿಗಳಿದ್ದಾರೆ. ಬಿರಾಟೊರಿ ಎಂಬ ಅವರ ಹಳ್ಳಿಯಲ್ಲಿ ಮುಖಂಡನ ಮನೆಯಲ್ಲೇ ಈಕೆ ಇಳಿದುಕೊಂಡಳು. ಬೆಂಕಿಯ ಗುಂಡಿಯ ಬಳಿ ಗೌರವದ ಜಾಗ ಕೊಟ್ಟು, ಇದ್ದುದನ್ನು ಬಡಿಸಿ ಆದರಿಸಿದರು. ಅವರೊಡನೆ ಮರ್ಯಾದೆಯಿಂದ ನಡೆದುಕೋ ಎಂದು ಇತೊನಿಗೆ ಹೇಳಿದರೆ, ಅವರಿಗೇನು ಮರ್ಯಾದೆ, ಅವರು ನಾಯಿಗಳು, ಮನುಷ್ಯರಲ್ಲ ಎಂಬ ಅರ್ಥದ ಮಾತಾಡಿದ.

ಇಲ್ಲಿ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಯಾರ ತೂಕವನ್ನು ಪೆಟ್ಟಿಗೆಗಳ ಜೊತೆ ಎಣಿಸಿದ್ದರೋ ಆ ಹುಡುಗನೇ, ತನಗಿಂತ ಕೆಳಗೆ ಒಬ್ಬ ಸಿಕ್ಕ ಕೂಡಲೇ ಹೀಗೆ ಮಾತಾಡಿದ. ಐನು ಜನ ಈ ದೇಶದ ಮೂಲನಿವಾಸಿಗಳೆಂದು ಜಪಾನಿನ ಪಾರ್ಲಿಮೆಂಟು ನಿರ್ಣಯ ಮಾಡಿದ್ದು 2008ರಲ್ಲಿ. ಕಾನೂನಿನಲ್ಲಿ ಬರೆದದ್ದು 2019ರಲ್ಲಿ. ಒಂದು ಮನೆಯಲ್ಲಿ ಉಂಡು ಮಲಗಿ, ಆ ಮನೆಯವರನ್ನು ಮನುಷ್ಯರೆಂದು ಒಪ್ಪಲು ಇಷ್ಟು ಕಾಲ ಬೇಕಾಯಿತು.

ಈಗ ನನ್ನದೊಂದು ಮಾತು. ನಾನು ಈ ಊರಿಗೆ ಬಂದ ದಿನ ನನಗೆ ಇಲ್ಲಿನ ಭಾಷೆ ಬರುತ್ತಿರಲಿಲ್ಲ. ನಮ್ಮ ತಾಲ್ಲೂಕಿನ ಒಬ್ಬ ಹುಡುಗ ಸ್ಟೇಷನ್ನಿಗೆ ಬಂದು ಕರೆದುಕೊಂಡು ಹೋದ. ಐದು ಜನರಿದ್ದ ಕೋಣೆಯಲ್ಲಿ ಆರನೆಯವನಾಗಿ ಸೇರಿಸಿದ. ಖಾನಾವಳಿ ಗೊತ್ತುಮಾಡಿದ, ನೌಕರಿಯ ಅರ್ಜಿ ಬರೆದುಕೊಟ್ಟ. ಒಂದು ವಾರದ ಸಂಬಳದಷ್ಟು ಹಣ ತನ್ನ ದಸ್ತೂರಿಯೆಂದು ಇಸಿದುಕೊಂಡ. ಕೋಣೆಯವನಿಂದಲೂ ಅವನಿಗೆ ಪಾಲು ಹೋಗಿತ್ತೆಂದು ಮೂರು ತಿಂಗಳ ಮೇಲೆ ತಿಳಿಯಿತು. ಅಂದಿನಿಂದ ಅವನನ್ನು ಕಳ್ಳನೆಂದು ಎಷ್ಟು ಜನರ ಮುಂದೆ ಹೇಳಿದೆನೋ ಲೆಕ್ಕವಿಲ್ಲ. ಅವನು ಈಗ ಬೇರೆ ಊರಿಗೆ ಹೋಗಿದ್ದಾನೆ, ಎಲ್ಲಿದ್ದಾನೋ ಗೊತ್ತಿಲ್ಲ. ಇತೊನ ಕಥೆ ಓದಿದ ಮೇಲೆ ನನಗೆ ಹೊಳೆದದ್ದು ಇಷ್ಟೇ: ಅವನು ತೆಗೆದುಕೊಂಡದ್ದನ್ನು ನಾನು ಪೈಸೆ ಪೈಸೆ ಬರೆದಿಟ್ಟೆ, ಕೊಟ್ಟದ್ದನ್ನು ಒಂದು ಸಾಲೂ ಬರೆಯಲಿಲ್ಲ. ಆ ರಾತ್ರಿ ಅವನಿಲ್ಲದಿದ್ದರೆ ನಾನು ಪ್ಲಾಟ್‌ಫಾರಂ ಮೇಲೆ ಮಲಗಬೇಕಾಗಿತ್ತು. ಜಮೆ ಬರೆಯದೆ ಖರ್ಚು ಮಾತ್ರ ಬರೆಯುವ ಗುಮಾಸ್ತನನ್ನು ಯಾವ ಯಜಮಾನ ಇಟ್ಟುಕೊಂಡಾನು?

ಇನ್ನೊಂದನ್ನೂ ಒಪ್ಪಿಕೊಂಡುಬಿಡುತ್ತೇನೆ. ಎರಡು ವರ್ಷದ ಹಿಂದೆ ಬೇರೆ ಸೀಮೆಯ ನಾಲ್ಕು ಹುಡುಗರು ಕೆಲಸಕ್ಕೆ ಬಂದು ನನ್ನ ಕಿಟಕಿಯ ಮುಂದೆ ನಿಂತಿದ್ದರು. ಫಾರಂ ತುಂಬಲು ಬಾರದು. ಅವರ ಮಾತಿನ ಧಾಟಿ ಕೇಳಿ ನಾನು ನಕ್ಕೆ. ಊಟದ ಹೊತ್ತಾಯಿತೆಂದು ಕಿಟಕಿ ಮುಚ್ಚಿ ಅವರನ್ನು ಒಂದು ಗಂಟೆ ಬಿಸಿಲಲ್ಲಿ ನಿಲ್ಲಿಸಿದೆ. ತೆನೋಕೊದ ಹೆಂಗಸರು ಅದೇ ಒಂದು ಗಂಟೆ ಬೀಸಣಿಗೆ ಬೀಸಿದರು. ನಾನು ಕಿಟಕಿ ಮುಚ್ಚಿದೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಇದನ್ನು ಮುಚ್ಚಿಟ್ಟು ಜಪಾನಿನ ಕಥೆ ಮಾತ್ರ ಹೇಳಿದರೆ ಈ ಭಾಷಣಕ್ಕೆ ಬೆಲೆಯಿಲ್ಲ.

ಮುಂದೇನಾಯಿತೆಂದು ಹೇಳಿ ಮುಗಿಸುತ್ತೇನೆ. 1878ರ ಸೆಪ್ಟೆಂಬರ್ ತಿಂಗಳಿನಲ್ಲಿ ಹಕೊಡಾಟೆಯಲ್ಲಿ ಇಬ್ಬರೂ ಬೇರೆಯಾದರು. ಹೊರಡುವ ದಿನವೂ ಆಕೆಯ ಪೆಟ್ಟಿಗೆಗಳನ್ನು ತಾನೇ ಕಟ್ಟುತ್ತೇನೆಂದು ಹಟ ಹಿಡಿದು ಕಟ್ಟಿಕೊಟ್ಟ. ಅವನು ನಿಷ್ಠೆಯಿಂದ ದುಡಿದನೆಂದೂ, ಅವನಿಲ್ಲದೆ ಈಗಲೇ ಬೇಸರವಾಗುತ್ತಿದೆಯೆಂದೂ ಆಕೆ ತಂಗಿಗೆ ಬರೆದಳು. ಆಕೆ ಮುಂದೆ ನಮ್ಮ ದೇಶಕ್ಕೂ ಬಂದು, ಶ್ರೀನಗರ, ಅಮೃತಸರಗಳಲ್ಲಿ ಗಂಡನ ಮತ್ತು ತಂಗಿಯ ನೆನಪಿಗೆ ಆಸ್ಪತ್ರೆಗಳನ್ನು ಸ್ಥ್ಥಾಪಿಸಲು ನೆರವಾದಳು, 1904ರಲ್ಲಿ ತೀರಿಕೊಂಡಳು. ಇತೊ ಯೊಕೊಹಾಮಾದಲ್ಲಿ ಹೆಸರಾಂತ ಮಾರ್ಗದರ್ಶಿಯಾಗಿ ಬಾಳಿ 1913ರಲ್ಲಿ ತೀರಿಕೊಂಡ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಆ ಶಬ್ದಗಳೇ ಅವನ ಆಸ್ತಿಯಾದವು.

ಕಾರ್ಯಕಾರಿ ಸಮಿತಿಯವರಲ್ಲಿ ನನ್ನದೊಂದು ಬೇಡಿಕೆ. ಪ್ರತಿ ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡರವರೆಗೆ ವಾಚನಾಲಯದ ಬಾಗಿಲ ಬಳಿ ಒಂದು ಮೇಜು, ಎರಡು ಕುರ್ಚಿ ಹಾಕಿಸಿಕೊಡಿ. ಊರಿಗೆ ಹೊಸದಾಗಿ ಬಂದವರು, ಯಾವ ಜಿಲ್ಲೆಯವರಾಗಲಿ, ಯಾವ ಭಾಷೆಯವರಾಗಲಿ, ಬಂದು ಕುಳಿತುಕೊಳ್ಳಲಿ. ಬ್ಯಾಂಕಿನ ಫಾರಂ, ರೇಷನ್ ಕಾರ್ಡಿನ ಅರ್ಜಿ, ಆಸ್ಪತ್ರೆಯ ಚೀಟಿ, ಯಾವುದಾದರೂ ಸರಿ, ಓದಿ ಹೇಳೋಣ, ಬರೆದುಕೊಡೋಣ. ದಸ್ತೂರಿ ಇಲ್ಲದೆ. ಮೊದಲ ನಾಲ್ಕು ಭಾನುವಾರ ಆ ಮೇಜಿನ ಬಳಿ ನಾನೇ ಇರುತ್ತೇನೆ. ಪುಸ್ತಕಗಳ ನಂಬರು ಮಧ್ಯಾಹ್ನದ ಮೇಲೆ ಬರೆದರಾಯಿತು.

ಜಪಾನಿನ ಆ ಪುಸ್ತಕಕ್ಕೂ ರಟ್ಟು ಹಾಕಿ ಪ್ರವಾಸದ ಕಪಾಟಿನಲ್ಲಿ ಇಟ್ಟಿದ್ದೇನೆ. ಕಠಿಣ ಶಬ್ದಗಳ ಅರ್ಥವನ್ನು ಒಂದು ಕಾಗದದಲ್ಲಿ ಬರೆದು ಒಳಗೆ ಸೇರಿಸಿದ್ದೇನೆ. ಬೇಕಾದವರು ಒಯ್ದು ಓದಿರಿ. ಹದಿನೈದು ದಿನದೊಳಗೆ ದಯವಿಟ್ಟು ಹಿಂದಿರುಗಿಸಿರಿ.